ಚೀನೀ ಭಾಷೆಯಲ್ಲಿ ಪದವಿ: ದೆಹಲಿಯಲ್ಲಿ ಎಲ್ಲಿ ಓದಬಹುದು? ಪಿಯುಸಿ ನಂತರ ಅರ್ಹತೆ ಏನು? ಇಲ್ಲಿದೆ ಸಂಪೂರ್ಣ ಮಾಹಿತಿ

ನವದೆಹಲಿ: ದ್ವಿತೀಯ ಪಿಯುಸಿ ಮುಗಿಸಿ ಚೀನೀ ಭಾಷೆಯಲ್ಲಿ ಪದವಿ ಓದುತ್ತೇನೆ ಎಂದರೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆ ಏಳುತ್ತವೆ. ‘ಅದಕ್ಕೆ ಮೊದಲೇ ಚೀನೀ ಗೊತ್ತಿರಬೇಕಲ್ಲವೇ?’ ಎಂಬುದು ಮೊದಲನೆಯದು. ‘ಓದಿದ ಮೇಲೆ ಕೆಲಸ ಎಲ್ಲಿ?’ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಗೊತ್ತಿರಬೇಕಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಚೀನೀ ಭಾಷೆಯ ಬಿಎ ಆನರ್ಸ್ ಪದವಿ ಮೊದಲ ಅಕ್ಷರದಿಂದಲೇ ಶುರುವಾಗುತ್ತದೆ. ಕಲಾ, ವಾಣಿಜ್ಯ, ವಿಜ್ಞಾನ, ಯಾವ ವಿಭಾಗದಲ್ಲಿ ಪಿಯುಸಿ ಓದಿದವರೂ ಅರ್ಜಿ ಹಾಕಬಹುದು. ಎರಡನೇ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿಲ್ಲ. ಬಾಗಿಲು ದಾಟುವುದಕ್ಕಿಂತ ಒಳಗೆ ಮೂರು ವರ್ಷ ನಿಲ್ಲುವುದೇ ಈ ಪದವಿಯ ನಿಜವಾದ ಪರೀಕ್ಷೆ. ಆ ಮೂರು ವರ್ಷ ಹೇಗೆ ಕಳೆದರು ಎನ್ನುವುದರ ಮೇಲೆಯೇ ಕೆಲಸವೂ ನಿಂತಿದೆ.

ಮುಖ್ಯಾಂಶಗಳು

- ಪದವಿ: ಬಿಎ (ಆನರ್ಸ್) ಚೀನೀ, ಜೆಎನ್‌ಯು
- ಕನಿಷ್ಠ ಅರ್ಹತೆ: ಪಿಯುಸಿ ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಶೇ 45 ಅಂಕ, ಮೀಸಲಾತಿ ವರ್ಗಗಳಿಗೆ ವಿನಾಯಿತಿ ಇದೆ
- ಪ್ರವೇಶ: ಸಿಯುಇಟಿ-ಯುಜಿ ಪರೀಕ್ಷೆಯ ಅಂಕಗಳ ಮೂಲಕ
- ಚೀನೀ ಭಾಷೆಯ ಪೂರ್ವಜ್ಞಾನ: ಬೇಕಿಲ್ಲ
- ದೆಹಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಇದೆ, ಆದರೆ ಅದರ ದಾರಿ ಬೇರೆ

ಭಾಷಾ ಪದವಿಯೇ? ಚೀನಾ ಅಧ್ಯಯನವೇ?

ಅರ್ಜಿ ಹಾಕುವ ಮೊದಲು ಈ ವ್ಯತ್ಯಾಸ ತಿಳಿದಿರಬೇಕು. ‘ಚೀನೀ ಭಾಷೆ ಮತ್ತು ಸಂಸ್ಕೃತಿ’ಯ ಪದವಿಯಲ್ಲಿ ಭಾಷೆಯೇ ಮುಖ್ಯ ವಿಷಯ. ಓದುವುದು, ಬರೆಯುವುದು, ಮಾತಾಡುವುದು, ಅನುವಾದ ಮಾಡುವುದು ಮೊದಲು ಬರುತ್ತವೆ. ಅದರ ಜತೆಗೆ ಚೀನಾದ ಇತಿಹಾಸ, ಸಾಹಿತ್ಯ, ಸಮಾಜ. ‘ಚೀನಾ ಅಧ್ಯಯನ’ ಅಥವಾ ‘ಪೂರ್ವ ಏಷ್ಯಾ ಅಧ್ಯಯನ’ದಲ್ಲಿ ರಾಜಕೀಯ, ಆರ್ಥಿಕತೆ ಮತ್ತು ವಿದೇಶಾಂಗ ನೀತಿ ಮುಖ್ಯ, ಭಾಷೆ ಅದಕ್ಕೊಂದು ಸಲಕರಣೆ.

ಜೆಎನ್‌ಯು ಒಂದರಲ್ಲೇ ಇವೆರಡೂ ಬೇರೆ ಬೇರೆ ಕಡೆ ಇವೆ. ಭಾಷಾ ಪದವಿಯನ್ನು ನಡೆಸುವುದು ಭಾಷೆ, ಸಾಹಿತ್ಯ ಮತ್ತು ಸಂಸ್ಕೃತಿ ಅಧ್ಯಯನ ನಿಕಾಯದಡಿ ಬರುವ ಚೀನೀ ಮತ್ತು ಆಗ್ನೇಯ ಏಷ್ಯಾ ಅಧ್ಯಯನ ಕೇಂದ್ರ. ಚೀನಾದ ರಾಜಕೀಯ, ವಿದೇಶಾಂಗ ನೀತಿಯ ಉನ್ನತ ಅಧ್ಯಯನಕ್ಕೆ ಅಂತರರಾಷ್ಟ್ರೀಯ ಅಧ್ಯಯನ ನಿಕಾಯದಲ್ಲಿ ಪೂರ್ವ ಏಷ್ಯಾ ಅಧ್ಯಯನ ಕೇಂದ್ರವಿದೆ. ಪಿಯುಸಿ ಮುಗಿಸಿದವರಿಗೆ ಸಂಬಂಧಿಸಿದ್ದು ಮೊದಲನೆಯದು. ಭಾಷೆಯಲ್ಲಿ ಬಿಎ ಮುಗಿಸಿ, ಸ್ನಾತಕೋತ್ತರ ಹಂತದಲ್ಲಿ ಎರಡನೆಯದರತ್ತ ಹೊರಳುವ ದಾರಿಯೂ ಇದೆ.

ದೆಹಲಿಯಲ್ಲಿ ಎಲ್ಲೆಲ್ಲಿ ಕಲಿಯಬಹುದು?

*ಜೆಎನ್‌ಯು:* ಪಿಯುಸಿ ನಂತರ ನೇರವಾಗಿ ಚೀನೀ ಆನರ್ಸ್ ಓದಲು ರಾಜಧಾನಿಯಲ್ಲಿ ಹೆಚ್ಚು ಹೆಸರು ಮಾಡಿರುವ ಕೇಂದ್ರ ಇದು. ಬಿಎ, ಎಂಎ, ಪಿಎಚ್‌ಡಿ ಮೂರೂ ಹಂತಗಳಿವೆ.

*ದೆಹಲಿ ವಿಶ್ವವಿದ್ಯಾಲಯ:* ಇಲ್ಲಿ ಚೀನೀ ಬೋಧನೆಗೆ ದಶಕಗಳ ಇತಿಹಾಸವಿದೆ. ಮೊದಲು ಚೀನೀ ಮತ್ತು ಜಪಾನೀ ಅಧ್ಯಯನ ವಿಭಾಗ ಎನಿಸಿಕೊಂಡಿದ್ದದ್ದು ಕೊರಿಯನ್ ಸೇರಿದ ಮೇಲೆ ಪೂರ್ವ ಏಷ್ಯಾ ಅಧ್ಯಯನ ವಿಭಾಗವಾಯಿತು. ಈ ವಿಭಾಗದ ಹೆಸರು ನೋಡಿ ಬಿಎ ಆನರ್ಸ್ ಚೀನೀ ಇರಬಹುದೆಂದು ಹುಡುಕುವ ವಿದ್ಯಾರ್ಥಿಗಳಿದ್ದಾರೆ. ಆದರೆ ಇಲ್ಲಿನ ಮುಖ್ಯ ಕೋರ್ಸ್‌ಗಳು ಎಂಎ ಪೂರ್ವ ಏಷ್ಯಾ ಅಧ್ಯಯನ ಮತ್ತು ಯಾವುದೇ ಪದವಿ ಮುಗಿಸಿದವರಿಗೆ ಇರುವ ಒಂದು ವರ್ಷದ ತೀವ್ರ ಭಾಷಾ ಡಿಪ್ಲೊಮಾ. ಹೀಗಾಗಿ ಬಿಕಾಂ, ಬಿಎಸ್ಸಿ, ಬಿಇ ಓದಿದ ಮೇಲೆ ಚೀನೀ ಕಲಿಯಬೇಕು ಎನ್ನಿಸಿದವರಿಗೆ ಇದು ಸೂಕ್ತ. ಕೆಲವು ಕಾಲೇಜುಗಳಲ್ಲಿ ಅರೆಕಾಲಿಕ ಸರ್ಟಿಫಿಕೇಟ್ ಕೋರ್ಸ್‌ಗಳೂ ನಡೆಯುತ್ತವೆ.

*ವಿದೇಶಿ ಭಾಷಾ ಶಾಲೆ:* ರಕ್ಷಣಾ ಸಚಿವಾಲಯದಡಿ 1948ರಿಂದ ನಡೆಯುತ್ತಿರುವ ಈ ಸಂಸ್ಥೆ ಮುಖ್ಯವಾಗಿ ಸೇನಾಪಡೆಗಳು ಮತ್ತು ಸರ್ಕಾರಿ ಇಲಾಖೆಗಳ ಸಿಬ್ಬಂದಿಗೆ ಕಲಿಸುತ್ತದೆ. ಸೀಟು ಉಳಿದರೆ ಕೆಲವು ಕೋರ್ಸ್‌ಗಳಿಗೆ ನಾಗರಿಕರಿಗೂ ಅವಕಾಶವಿದೆ.

*ತೈವಾನ್ ಶಿಕ್ಷಣ ಕೇಂದ್ರಗಳು:* ಸೋನಿಪತ್‌ನ ಒ.ಪಿ. ಜಿಂದಾಲ್ ಜಾಗತಿಕ ವಿಶ್ವವಿದ್ಯಾಲಯ, ನೊಯ್ಡಾದ ಅಮಿಟಿ ವಿಶ್ವವಿದ್ಯಾಲಯಗಳಲ್ಲಿ ತೈವಾನ್ ನೆರವಿನೊಂದಿಗೆ ಚೀನೀ ಬೋಧನೆ ಆರಂಭವಾಗಿತ್ತು. ತೈವಾನ್‌ನಲ್ಲಿ ಬಳಕೆಯಲ್ಲಿರುವುದು ಹಳೆಯ, ಸಾಂಪ್ರದಾಯಿಕ ಲಿಪಿ. ಚೀನಾದಲ್ಲಿರುವುದು 1950ರ ದಶಕದಿಂದ ಜಾರಿಗೆ ಬಂದ ಸರಳೀಕೃತ ಲಿಪಿ. ಮಾತು ಹೆಚ್ಚು ಕಡಿಮೆ ಒಂದೇ, ಬರಹದಲ್ಲಿ ವ್ಯತ್ಯಾಸ ಬಹಳ.

ದೆಹಲಿಯಲ್ಲಿ ಸೀಟು ಸಿಗದಿದ್ದರೆ ಬೇರೆ ದಾರಿಗಳಿವೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ರವೀಂದ್ರನಾಥ ಠಾಕೂರರು 1937ರಲ್ಲಿ ಆರಂಭಿಸಿದ ‘ಚೀನಾ ಭವನ’ ಇಂದಿಗೂ ಇದೆ. ಅದನ್ನು ಕಟ್ಟಿ ಬೆಳೆಸಿದ ತಾನ್ ಯುನ್-ಶಾನ್ ಅವರ ಮಗ ತಾನ್ ಚುಂಗ್ ಮುಂದೆ ದೆಹಲಿ ವಿಶ್ವವಿದ್ಯಾಲಯ ಮತ್ತು ಜೆಎನ್‌ಯು ಎರಡರಲ್ಲೂ ಪಾಠ ಮಾಡಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಜಾರ್ಖಂಡ್ ಕೇಂದ್ರೀಯ ವಿಶ್ವವಿದ್ಯಾಲಯ ಮತ್ತು ಡೆಹ್ರಾಡೂನ್‌ನ ಡೂನ್ ವಿಶ್ವವಿದ್ಯಾಲಯಗಳಲ್ಲೂ ಚೀನೀ ಕಲಿಕೆಗೆ ಅವಕಾಶವಿದೆ.

ಪ್ರವೇಶ ಪರೀಕ್ಷೆ ಹೇಗಿರುತ್ತದೆ?

ಜೆಎನ್‌ಯು ಹಿಂದೆ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. 2022ರಿಂದ ಸ್ನಾತಕ ಕೋರ್ಸ್‌ಗಳಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಸಿಯುಇಟಿ-ಯುಜಿ ಅಂಕಗಳನ್ನೇ ಪರಿಗಣಿಸುತ್ತಿದೆ. ವಿದೇಶಿ ಭಾಷಾ ಆನರ್ಸ್‌ಗೆ ಬರೆಯಬೇಕಾದದ್ದು ಇಂಗ್ಲಿಷ್ ಭಾಷಾ ಪತ್ರಿಕೆ ಮತ್ತು ಸಾಮಾನ್ಯ ಸಾಮರ್ಥ್ಯ ಪರೀಕ್ಷೆ. ಇತಿಹಾಸ, ಲೆಕ್ಕಶಾಸ್ತ್ರ, ಭೌತವಿಜ್ಞಾನದಂಥ ವಿಷಯವಾರು ಪತ್ರಿಕೆಗಳ ಗೋಜು ಈ ಪದವಿಗಿಲ್ಲ.

2025ರ ಮಾದರಿಯಂತೆ ಪ್ರತಿ ಪತ್ರಿಕೆಯಲ್ಲಿ 50 ಪ್ರಶ್ನೆ, 60 ನಿಮಿಷ. ಸರಿಯುತ್ತರಕ್ಕೆ 5 ಅಂಕ, ತಪ್ಪಿದರೆ 1 ಅಂಕ ಕಡಿತ. ಅಂದರೆ ಒಂದು ಪತ್ರಿಕೆಗೆ ಗರಿಷ್ಠ 250 ಅಂಕ. ಸಿಯುಇಟಿ 13 ಭಾಷೆಗಳಲ್ಲಿ ನಡೆಯುತ್ತದೆ, ಅದರಲ್ಲಿ ಕನ್ನಡವೂ ಒಂದು. ಹಾಗಾಗಿ ಸಾಮಾನ್ಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯುವ ಅವಕಾಶವಿದೆ. ಆದರೆ ಇಂಗ್ಲಿಷ್ ಪತ್ರಿಕೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಹೆಚ್ಚು ತಯಾರಿ ಮಾಡಿಕೊಳ್ಳಬೇಕಾದದ್ದು ಇಲ್ಲೇ.

ಇನ್ನೆರಡು ಷರತ್ತುಗಳು ಗಮನದಲ್ಲಿರಲಿ. ಪ್ರವೇಶದ ವರ್ಷದ ಅಕ್ಟೋಬರ್ 1ಕ್ಕೆ 17 ವರ್ಷ ತುಂಬಿರಬೇಕು. ಬಹುಪಾಲು ಸೀಟುಗಳು ಅದೇ ವರ್ಷ ಅಥವಾ ಹಿಂದಿನ ವರ್ಷ ಪಿಯುಸಿ ಪಾಸಾದವರಿಗೆ ಮೀಸಲು. ಅದಕ್ಕೂ ಮೊದಲು ಪಾಸಾದವರಿಗೆ ಸೀಟುಗಳು ಕಡಿಮೆ.

ಸಿಯುಇಟಿ ಬರೆದರಷ್ಟೇ ಸಾಲದು

ಸಿಯುಇಟಿಗೆ ಅರ್ಜಿ ಹಾಕಿದರೆ ಜೆಎನ್‌ಯುಗೂ ಅರ್ಜಿ ಹೋದಂತೆ ಎಂದುಕೊಂಡರೆ ಸೀಟು ಕೈತಪ್ಪುತ್ತದೆ. ಜೆಎನ್‌ಯು ಪ್ರವೇಶ ಜಾಲತಾಣದಲ್ಲಿ ಪ್ರತ್ಯೇಕವಾಗಿ ನೋಂದಣಿ ಮಾಡಿಕೊಳ್ಳಲೇಬೇಕು. ಅಲ್ಲಿ ಯಾವ ಭಾಷೆ ಬೇಕೆಂದು ಆದ್ಯತೆಯ ಕ್ರಮದಲ್ಲಿ ಆರಿಸಬೇಕು. ಚೀನೀ ಜತೆಗೆ ಜಪಾನೀ, ಕೊರಿಯನ್, ರಷ್ಯನ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಅರಬ್ಬಿ, ಪರ್ಷಿಯನ್ ಮುಂತಾದ ಭಾಷೆಗಳೂ ಪಟ್ಟಿಯಲ್ಲಿರುತ್ತವೆ. ಚೀನೀಯೇ ಬೇಕೆನ್ನುವವರು ಅದನ್ನು ಮೊದಲ ಆಯ್ಕೆಯಾಗಿ ಇಡಬೇಕು. ಬೇಡದ ಭಾಷೆಯನ್ನು ‘ಇರಲಿ’ ಎಂದು ಸೇರಿಸಿದರೆ ಮೂರು ವರ್ಷ ಅದನ್ನೇ ಓದಬೇಕಾದೀತು.

ಕರ್ನಾಟಕದ ವಿದ್ಯಾರ್ಥಿಗಳು ಎಡವುವ ಮತ್ತೊಂದು ಜಾಗ ಜಾತಿ ಪ್ರಮಾಣಪತ್ರ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪ್ರಮಾಣಪತ್ರಗಳು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹಾಗೆಯೇ ನಡೆಯುವುದಿಲ್ಲ. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು. ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂಬ ಉಲ್ಲೇಖದೊಂದಿಗೆ ಇರಬೇಕು. ಆರ್ಥಿಕವಾಗಿ ಹಿಂದುಳಿದ ವರ್ಗದ (ಇಡಬ್ಲ್ಯುಎಸ್) ಪ್ರಮಾಣಪತ್ರಕ್ಕೂ ಕೇಂದ್ರದ ನಮೂನೆಯೇ ಬೇಕು. ಫಲಿತಾಂಶ ಬಂದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡುವ ಬದಲು ಪರೀಕ್ಷೆಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ಒಳಿತು.

ಮೂರು ವರ್ಷದಲ್ಲಿ ಏನೇನು ಕಲಿಯಬೇಕು?

ಚೀನೀ ಆನರ್ಸ್ ಪದವಿಯ ಓದು ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

*ಮೊದಲ ವರ್ಷ:* ಉಚ್ಚಾರಣೆ, ರೋಮನ್ ಲಿಪಿಯಲ್ಲಿ ಚೀನೀ ಬರೆಯುವ ‘ಪಿನ್‌ಯಿನ್’ ಪದ್ಧತಿ, ಮೂಲ ಲಿಪಿಚಿಹ್ನೆಗಳು, ಸರಳ ಸಂಭಾಷಣೆ. ಪಿನ್‌ಯಿನ್ ಅನ್ನು ಚೀನಾ 1958ರಲ್ಲಿ ಅಧಿಕೃತವಾಗಿ ಅಂಗೀಕರಿಸಿತು. ಇಂದು ಮೊಬೈಲ್, ಕಂಪ್ಯೂಟರ್‌ಗಳಲ್ಲಿ ಚೀನೀ ಟೈಪ್ ಮಾಡಲು ಹೆಚ್ಚಾಗಿ ಬಳಸುವುದೂ ಇದನ್ನೇ.

*ಎರಡನೇ ವರ್ಷ:* ಉದ್ದದ ಪಠ್ಯಗಳ ಓದು, ಪ್ರಬಂಧ ರಚನೆ, ಕೇಳಿ ಅರ್ಥ ಮಾಡಿಕೊಳ್ಳುವ ಅಭ್ಯಾಸ, ಚೀನಾದ ಇತಿಹಾಸ ಮತ್ತು ಸಂಸ್ಕೃತಿ.

*ಮೂರನೇ ವರ್ಷ:* ಅನುವಾದ, ದುಭಾಷಿ ಕೆಲಸದ ತರಬೇತಿ, ಪತ್ರಿಕಾ ಭಾಷೆ, ಸಾಹಿತ್ಯ, ಪ್ರಾಚೀನ ಚೀನೀಯ ಪರಿಚಯ.

ಇದರ ಜತೆಗೆ ಬೇರೆ ವಿಭಾಗಗಳ ಐಚ್ಛಿಕ ವಿಷಯಗಳನ್ನೂ ಆಯ್ದುಕೊಳ್ಳಬೇಕಾಗುತ್ತದೆ. ಅವನ್ನು ಹಗುರವಾಗಿ ಕಾಣುವಂತಿಲ್ಲ. ಅರ್ಥಶಾಸ್ತ್ರವೋ ಅಂತರರಾಷ್ಟ್ರೀಯ ಸಂಬಂಧವೋ ಮುಂದೆ ಕೆಲಸಕ್ಕೆ ಬರುವ ಎರಡನೇ ವಿಷಯಕ್ಕೆ ಬುನಾದಿ ಬೀಳುವುದು ಇಲ್ಲೇ.

ಕನ್ನಡಿಗರಿಗೆ ಯಾವುದು ಸುಲಭ, ಯಾವುದು ಕಷ್ಟ?

ಚೀನೀಯಲ್ಲಿ ಅಕ್ಷರಮಾಲೆ ಇಲ್ಲ. ಒಂದೊಂದು ಲಿಪಿಚಿಹ್ನೆಯನ್ನೂ ಉಚ್ಚಾರಣೆ, ಅರ್ಥ ಸಮೇತ ನೆನಪಿಡಬೇಕು. ಚೀನಾದ ಅಧಿಕೃತ ಪಟ್ಟಿಯಲ್ಲಿ ನಿತ್ಯಬಳಕೆಯವೆಂದು ಗುರುತಿಸಿದ ಚಿಹ್ನೆಗಳೇ 3,500. ಎಲ್ಲವನ್ನೂ ಕುರುಡಾಗಿ ಉರುಹೊಡೆಯಬೇಕಿಲ್ಲ ಎನ್ನುವುದು ಸಮಾಧಾನ. ‘ಮರ’ದ ಚಿಹ್ನೆಯನ್ನು ಎರಡು ಸಲ ಪಕ್ಕಪಕ್ಕ ಬರೆದರೆ ತೋಪು, ಮೂರು ಸಲ ಬರೆದರೆ ಕಾಡು. ‘ಅಮ್ಮ’ ಎಂಬ ಚಿಹ್ನೆಯಲ್ಲಿ ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ ಇದೆ. ಹೆಣ್ಣು ಅರ್ಥವನ್ನು, ಕುದುರೆ ‘ಮಾ’ ಎಂಬ ಉಚ್ಚಾರಣೆಯನ್ನು ಸೂಚಿಸುತ್ತವೆ.

ಎರಡನೇ ಕಷ್ಟ ಸ್ವರದ ಏರಿಳಿತ. ‘ಮಾ’ ಎಂಬುದನ್ನು ಎತ್ತರದಲ್ಲಿ ಸಮವಾಗಿ ಹೇಳಿದರೆ ಅಮ್ಮ, ಏರಿಸಿ ಹೇಳಿದರೆ ಸೆಣಬು, ತಗ್ಗಿಸಿ ಎತ್ತಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಗುಳ. ಕನ್ನಡದಲ್ಲಿ ಧ್ವನಿ ಏರಿಸಿದರೆ ಪ್ರಶ್ನೆಯಾದೀತು, ಸಿಟ್ಟಾದೀತು. ಪದದ ಅರ್ಥವೇ ಬದಲಾಗುವುದಿಲ್ಲ. ಈ ಅಭ್ಯಾಸ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು.

ಇನ್ನು ಅನುಕೂಲಗಳು. ಚೀನೀಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ ಬಹಳ ಮುಖ್ಯ. ಪಿನ್‌ಯಿನ್‌ನಲ್ಲಿ ‘ಬಿ’ ಎಂದು ಬರೆದದ್ದು ಕನ್ನಡದ ‘ಪ’ಕ್ಕೆ, ‘ಪಿ’ ಎಂದು ಬರೆದದ್ದು ‘ಫ’ ಮಹಾಪ್ರಾಣಕ್ಕೆ ಹತ್ತಿರ. ಹಾಗಾಗಿ ಬೀಜಿಂಗ್ ಎಂದು ನಾವು ಬರೆಯುವ ಊರಿನ ಹೆಸರು ಚೀನೀಯರ ಬಾಯಲ್ಲಿ ‘ಪೇಯ್‌ಚಿಂಗ್’ ಎಂದು ಕೇಳಿಸುತ್ತದೆ. ಪ-ಫ, ತ-ಥ ಕಲಿತೇ ಬೆಳೆದವರಿಗೆ ಇದು ಹೊಸದಲ್ಲ.

ವಾಕ್ಯರಚನೆಯಲ್ಲೂ ಒಂದು ಹತ್ತಿರದ ನೆಂಟಸ್ತಿಕೆ ಕಾಣುತ್ತದೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಎನ್ನುವಾಗ ಕನ್ನಡದಲ್ಲಿ ಪುಸ್ತಕ ಕೊನೆಗೆ ಬರುತ್ತದೆ. ಚೀನೀಯಲ್ಲೂ ಅದೇ ಕ್ರಮ: ನಾನು, ನಿನ್ನೆ, ಕೊಂಡ, ಪುಸ್ತಕ. ಇಂಗ್ಲಿಷ್‌ನಲ್ಲಿ ಇದು ತಿರುಗುಮುರುಗು. ಲಿಂಗ, ವಚನ, ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವ ತಲೆನೋವೂ ಚೀನೀಯಲ್ಲಿಲ್ಲ.

ಆದರೂ ಸಮಯ ಬೇಡುವ ಭಾಷೆ ಇದು. ಇಂಗ್ಲಿಷ್ ಭಾಷಿಕರು ಚೀನೀಯಲ್ಲಿ ವೃತ್ತಿಗೆ ಬೇಕಾದಷ್ಟು ಹಿಡಿತ ಸಾಧಿಸಲು ಸುಮಾರು 2,200 ತರಗತಿ ಗಂಟೆ ಬೇಕು ಎಂಬುದು ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಅಂದಾಜು. ವಾರಕ್ಕೆ 15 ಗಂಟೆಯಂತೆ ವರ್ಷಕ್ಕೆ 30 ವಾರ ತರಗತಿ ನಡೆದರೂ ಮೂರು ವರ್ಷಕ್ಕೆ ಆಗುವುದು 1,350 ಗಂಟೆ. ಉಳಿದದ್ದನ್ನು ವಿದ್ಯಾರ್ಥಿಯೇ ತುಂಬಿಕೊಳ್ಳಬೇಕು. ಪರೀಕ್ಷೆಯ ಹಿಂದಿನ ವಾರ ಓದಿ ಪಾಸಾಗುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು.

ಎಚ್‌ಎಸ್‌ಕೆ ಎಂದರೇನು?

ಕೆಲಸಕ್ಕೆ ಕರೆಯುವವರು ಪದವಿಯ ಜತೆಗೆ ಕೇಳುವುದು ಎಚ್‌ಎಸ್‌ಕೆ ಹಂತವನ್ನು. ಇದು ಚೀನಾದ ಅಧಿಕೃತ ಭಾಷಾ ಸಾಮರ್ಥ್ಯ ಪರೀಕ್ಷೆ. ಹಲವು ವರ್ಷ ಚಾಲ್ತಿಯಲ್ಲಿದ್ದ ಆರು ಹಂತಗಳ ಮಾದರಿಯಲ್ಲಿ ಮೊದಲ ಹಂತಕ್ಕೆ 150 ಪದ ಸಾಕು. ನಾಲ್ಕನೆಯದಕ್ಕೆ 1,200, ಐದನೆಯದಕ್ಕೆ 2,500, ಆರನೆಯದಕ್ಕೆ 5,000 ಪದ ಬೇಕು. 2021ರಲ್ಲಿ ಪ್ರಕಟವಾದ ಹೊಸ ಮಾನದಂಡದಲ್ಲಿ ಒಂಬತ್ತು ಹಂತಗಳಿದ್ದು, ಪದಗಳ ಒಟ್ಟು ಸಂಖ್ಯೆ 11,000 ದಾಟುತ್ತದೆ. ತೈವಾನ್‌ಗೆ ಹೋಗುವವರಿಗೆ ‘ಟಾಕ್‌ಫಲ್’ ಎಂಬ ಬೇರೆ ಪರೀಕ್ಷೆ ಇದೆ.

ಪದವಿ ಸೇರಲು ಇವು ಯಾವುವೂ ಬೇಕಿಲ್ಲ. ಆದರೆ ಪದವಿ ಮುಗಿಯುವಷ್ಟರಲ್ಲಿ ಹಳೆಯ ಮಾದರಿಯ ಐದನೇ ಹಂತದ ಮಟ್ಟ ತಲುಪಿದ್ದರೆ ಕೆಲಸದ ಮಾತುಕತೆ ಸುಲಭ.

ಗಡಿ ಬಿಸಿಯಾದಾಗ ತರಗತಿಗೂ ತಟ್ಟುತ್ತದೆ

ಫ್ರೆಂಚ್, ಜರ್ಮನ್ ಓದುವವರಿಗಿಲ್ಲದ ಒಂದು ಅನಿಶ್ಚಿತತೆ ಚೀನೀ ವಿದ್ಯಾರ್ಥಿಗಳಿಗಿದೆ. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯ ಘರ್ಷಣೆಯಲ್ಲಿ 20 ಭಾರತೀಯ ಯೋಧರು ಹುತಾತ್ಮರಾದರು. ನಂತರದ ತಿಂಗಳು ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆಯಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳ ಉದಾಹರಣೆಗಳಲ್ಲಿ ಚೀನೀ ಇರಲಿಲ್ಲ. 2019ರ ಕರಡಿನಲ್ಲಿ ಅದು ಇತ್ತು. ಕೋವಿಡ್ ಕಾರಣದಿಂದ ಚೀನಾಗೆ ಹೋಗುವ ದಾರಿಯೂ ಮುಚ್ಚಿತು. ವಿದ್ಯಾರ್ಥಿ ವೀಸಾ ಮತ್ತೆ ಸಿಗಲಾರಂಭಿಸಿದ್ದು 2022ರಲ್ಲಿ. ನೇರ ವಿಮಾನ ಸಂಚಾರ ಪುನರಾರಂಭವಾಗಲು 2025ರ ಅಕ್ಟೋಬರ್ ಅಂತ್ಯದವರೆಗೆ ಕಾಯಬೇಕಾಯಿತು.

ಭಾಷೆ ಆಡುವ ನೆಲದಲ್ಲಿ ಒಂದು ವರ್ಷ ಕಳೆಯುವುದು ಯಾವ ಭಾಷಾ ವಿದ್ಯಾರ್ಥಿಗೂ ದೊಡ್ಡ ಲಾಭ. ಅದು ರಾಜತಾಂತ್ರಿಕ ಸಂಬಂಧದ ಏರಿಳಿತವನ್ನು ಅವಲಂಬಿಸಿದೆ ಎಂಬುದನ್ನು ತಿಳಿದೇ ಈ ಪದವಿ ಆರಿಸಿಕೊಳ್ಳಬೇಕು. ತೈವಾನ್ ಸರ್ಕಾರ ಭಾಷಾ ಕಲಿಕೆಗೆಂದೇ ಕೊಡುವ ‘ಹುವಾಯು’ ವಿದ್ಯಾರ್ಥಿವೇತನ ಇನ್ನೊಂದು ದಾರಿ.

ಇದರ ಇನ್ನೊಂದು ಮುಖವೂ ಇದೆ. ಸಂಬಂಧ ಹದಗೆಟ್ಟಾಗಲೇ ಆ ಭಾಷೆ ಬಲ್ಲವರ ಅಗತ್ಯ ಹೆಚ್ಚುತ್ತದೆ. ಯೋಧರಿಗೆ ಚೀನೀ ಕಲಿಸಲು ಭಾರತೀಯ ಸೇನೆ 2023ರಲ್ಲಿ ಅಸ್ಸಾಂನ ತೇಜ್‌ಪುರ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದ ಮಾಡಿಕೊಂಡಿತು. ಗಡಿ ಕಾಯುವ ಐಟಿಬಿಪಿ ಸಿಬ್ಬಂದಿಗೂ ಚೀನೀ ತರಬೇತಿ ಇದೆ.

ಓದಿದ ಮೇಲೆ ಕೆಲಸ ಎಲ್ಲಿ?

- *ಉದ್ಯಮ:* 2024-25ರಲ್ಲಿ ಭಾರತ ಚೀನಾದಿಂದ ಆಮದು ಮಾಡಿಕೊಂಡದ್ದು 113 ಶತಕೋಟಿ ಡಾಲರ್‌ಗೂ ಹೆಚ್ಚು. ಯಂತ್ರ, ಬಿಡಿಭಾಗ, ರಾಸಾಯನಿಕಗಳ ಈ ವಹಿವಾಟಿನ ಹಿಂದೆ ಪತ್ರ ವ್ಯವಹಾರ, ಕರಾರು, ಕೈಪಿಡಿಗಳ ಕೆಲಸವಿದೆ. ಗ್ರೇಟರ್ ನೊಯ್ಡಾದಲ್ಲಿ ಒಪ್ಪೊ, ವಿವೊ ಮೊಬೈಲ್ ಘಟಕಗಳಿವೆ. ಬೆಂಗಳೂರಿನ ಹೊರವಲಯದ ದೇವನಹಳ್ಳಿ ಬಳಿ ತೈವಾನ್ ಮೂಲದ ಫಾಕ್ಸ್‌ಕಾನ್ ಘಟಕವಿದೆ. ಅಂದರೆ ಚೀನೀ ಬಲ್ಲವರ ಅಗತ್ಯ ಕರ್ನಾಟಕದಲ್ಲೂ ಇದೆ.
- *ಸರ್ಕಾರ:* ವಿದೇಶಾಂಗ ಸಚಿವಾಲಯದ ದುಭಾಷಿಗಳು, ರಕ್ಷಣೆ ಮತ್ತು ಭದ್ರತಾ ಸಂಸ್ಥೆಗಳ ಭಾಷಾ ಹುದ್ದೆಗಳು. ಇವು ಸಂಖ್ಯೆಯಲ್ಲಿ ಕಡಿಮೆ, ನೇಮಕಾತಿಯೂ ಪ್ರತಿವರ್ಷ ನಡೆಯುವುದಿಲ್ಲ.
- *ಬೋಧನೆ:* ಯುಜಿಸಿ-ಎನ್‌ಇಟಿಯಲ್ಲಿ ಚೀನೀ ಒಂದು ವಿಷಯ. ಎಂಎ ಬಳಿಕ ಅದನ್ನು ಪಾಸಾದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ.
- *ಸಂಶೋಧನೆ:* ದೆಹಲಿಯ ಚೀನೀ ಅಧ್ಯಯನ ಸಂಸ್ಥೆ, ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಂಥ ಕಡೆ ಚೀನೀ ಪತ್ರಿಕೆ, ದಾಖಲೆಗಳನ್ನು ಮೂಲದಲ್ಲೇ ಓದಬಲ್ಲವರಿಗೆ ಬೆಲೆ ಇದೆ.

ಒಂದು ಎಚ್ಚರಿಕೆ ಅಗತ್ಯ. ಸರಳ ಪತ್ರಗಳ, ಕೈಪಿಡಿಗಳ ಅನುವಾದವನ್ನು ಈಗ ಯಂತ್ರಗಳೇ ಮಾಡುತ್ತಿವೆ. ಬರೀ ಅಷ್ಟನ್ನೇ ನಂಬಿದರೆ ಕಷ್ಟ. ಮುಖಾಮುಖಿ ಮಾತುಕತೆ, ಕಾನೂನು, ತಂತ್ರಜ್ಞಾನ, ಆರ್ಥಿಕತೆ, ಭದ್ರತೆ, ಇಂಥ ಯಾವುದಾದರೊಂದು ಕ್ಷೇತ್ರದ ಜ್ಞಾನ ಭಾಷೆಗೆ ಜತೆಯಾದಾಗಲೇ ಪದವಿಗೆ ಬಲ. ಓದುತ್ತಿರುವಾಗಲೇ ಆ ಎರಡನೇ ಕ್ಷೇತ್ರವನ್ನು ಗುರುತಿಸಿಕೊಳ್ಳಬೇಕು.

ಖರ್ಚು, ವಾಸ

ಜೆಎನ್‌ಯು ಬಿಎ ಬೋಧನಾ ಶುಲ್ಕ ಖಾಸಗಿ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ತೀರಾ ಕಡಿಮೆ. ನಿಜವಾದ ಖರ್ಚು ವಾಸದ್ದು. ಹಾಸ್ಟೆಲ್ ಎಲ್ಲರಿಗೂ ಸೇರಿದ ದಿನವೇ ಸಿಗುವುದಿಲ್ಲ. ಮೊದಲ ಕೆಲವು ತಿಂಗಳು ಹೊರಗೆ ಕೋಣೆ ಮಾಡಿಕೊಳ್ಳುವ ಹಣವನ್ನು ಮನೆಯವರು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಕ್ಯಾಂಪಸ್‌ಗೆ ಸಮೀಪದ ರಾಮಕೃಷ್ಣಪುರಂನಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಜೆಎನ್‌ಯುನಲ್ಲೇ ಕನ್ನಡ ಪೀಠವೂ ಇದ್ದು, ವಿದ್ವಾಂಸ ಪುರುಷೋತ್ತಮ ಬಿಳಿಮಲೆ ಅದರ ಮುಖ್ಯಸ್ಥರಾಗಿದ್ದರು. ಹೊಸ ಊರಿನಲ್ಲಿ ಕನ್ನಡ ಕೇಳಿಸುವ ಜಾಗಗಳಿವೆ ಎನ್ನುವುದು ಸಣ್ಣ ಧೈರ್ಯವಲ್ಲ.

ಸೇರುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ದಿನಕ್ಕೆ ಕನಿಷ್ಠ ಎರಡು ಗಂಟೆ, ರಜೆಯಲ್ಲೂ ಬಿಡದೆ, ಬರೆದು ಅಭ್ಯಾಸ ಮಾಡುವ ತಾಳ್ಮೆ ಇದೆಯೇ?
2. ಮೂರು ವರ್ಷದ ಬಳಿಕ ಎಂಎ ಅಥವಾ ಇನ್ನೊಂದು ಕೌಶಲಕ್ಕೆ ಎರಡು ವರ್ಷ ಕೊಡಲು ಮನೆಯ ಪರಿಸ್ಥಿತಿ ಒಪ್ಪುತ್ತದೆಯೇ?
3. ಭಾಷೆಯ ಜತೆ ಓದಲು ಇಷ್ಟವಿರುವ ಎರಡನೇ ವಿಷಯ ಯಾವುದು?

ಉತ್ತರ ಗೊಂದಲವೆನಿಸಿದರೆ ಮೊದಲು ಎಚ್‌ಎಸ್‌ಕೆ ಮೊದಲ ಹಂತದ 150 ಪದಗಳನ್ನು ಕಲಿತು ನೋಡಬಹುದು. ಎರಡು ಮೂರು ತಿಂಗಳ ಈ ಪ್ರಯತ್ನದಲ್ಲಿ ಆಸಕ್ತಿ ಉಳಿಯುತ್ತದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಮೂರು ವರ್ಷ ಕಳೆದು ತಿಳಿಯುವುದಕ್ಕಿಂತ ಇದು ಅಗ್ಗ.

ಕೆಲಸ, ಸಂಬಳದ ಲೆಕ್ಕಕ್ಕೆ ಸಿಗದ ಒಂದು ಕಾರಣವೂ ಕನ್ನಡಿಗರಿಗಿದೆ. ಏಳನೇ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಬಗ್ಗೆ, ಅವನ ಜನರ ಬಗ್ಗೆ ಬರೆದಿಟ್ಟ. ಶಾಲೆಯ ಪಾಠದಲ್ಲಿ ಅದನ್ನು ಎಲ್ಲರೂ ಓದಿದ್ದಾರೆ. ಆದರೆ ಆ ಬರಹವಾಗಲಿ, ಚೀನೀ ಕಥೆ ಕವಿತೆಗಳಾಗಲಿ ಕನ್ನಡಕ್ಕೆ ಬಹುಪಾಲು ಬಂದಿರುವುದು ಇಂಗ್ಲಿಷ್ ದಾಟಿಕೊಂಡು. ಜೆಎನ್‌ಯು ಪ್ರಾಧ್ಯಾಪಕ ಬಿ.ಆರ್. ದೀಪಕ್ ಪ್ರಾಚೀನ ಚೀನೀ ಕವಿತೆಗಳನ್ನು ಹಿಂದಿಗೆ ತಂದಿದ್ದಾರೆ. ಚೀನೀಯಿಂದ ನೇರವಾಗಿ ಕನ್ನಡಕ್ಕೆ ತರುವವರ ಜಾಗ ಇನ್ನೂ ಹೆಚ್ಚುಕಡಿಮೆ ಖಾಲಿಯೇ ಇದೆ.

(ಪರೀಕ್ಷೆಯ ಮಾದರಿ, ದಿನಾಂಕ ಮತ್ತು ಶುಲ್ಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವ ಮುನ್ನ ಎನ್‌ಟಿಎ ಮತ್ತು ಜೆಎನ್‌ಯು ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ತಪ್ಪದೇ ಓದಿ.)